ಎರಡನೆಯ ದಿನದ ಕಂದೀಲು

ನಮ್ಮೂರ ಬೆನ್ನಿಗೆ ಹರಿಯುವ ಉಪಕಾಲುವೆಯ ಇಂಜಿನಿಯರ್ ಸಾಹೇಬರೇ,

ಈ ದಿನ ಬೆಳಿಗ್ಗೆ ಆದಪ್ಪನ ಹಗೇವಿನ ಮುಚ್ಚುಗಲ್ಲಿನ ಮೇಲೆ ಒಂದು ಬಸವನಹುಳು ಹರಿಯುತ್ತಿತ್ತು. ಬೆನ್ನ ಮೇಲೆ ಕಂದು ಚಿಪ್ಪು, ಹಿಂದೆ ಒದ್ದೆಯಾಗಿ ಹೊಳೆಯುವ ಒಂದು ಗೆರೆ. ಪಕ್ಕದಲ್ಲಿ ನಿಂತಿದ್ದ ಗಿರಿಯಮ್ಮ ಬಗ್ಗಿ ನೋಡಿ, "ಇದ್ಯಾವ ಹುಳಬೇ ಸಂಗವ್ವಾ?" ಎಂದು ಕೇಳಿದಳು. ಅರವತ್ತು ವರ್ಷ ಈ ಕರಿಮಣ್ಣಿನ ಮೇಲೆ ಬದುಕಿದ ಹೆಂಗಸು, ಚೇಳನ್ನೂ ಗೆದ್ದಲನ್ನೂ ಹಾವನ್ನೂ ಬಲ್ಲವಳು. ಶಿವರಾತ್ರಿ ಕಳೆದ ಬಿಸಿಲಿನಲ್ಲಿ ಕಲ್ಲಿನ ಮೇಲೆ ಇಂಥದೊಂದು ಜೀವ ಹರಿದಾಡುವುದನ್ನು ಆಕೆ ಕಂಡಿರಲಿಲ್ಲ. ನಾನು ಕಂಡಿದ್ದೆ. ದಢೇಸುಗೂರಿನ ಕಡೆ ಭತ್ತದ ಗದ್ದೆಯ ಬದುವಿನಲ್ಲಿ, ಕಾಲುವೆಯ ನೀರು ನಿಂತ ಕಡೆ.

ಆ ಕಲ್ಲಿನ ಕೆಳಗೆ ಇಪ್ಪತ್ತೆರಡು ದಿನಗಳ ಹಿಂದೆ ಗಿರಿಯಮ್ಮನ ಗಂಡ ಆದಪ್ಪ ಉಸಿರುಗಟ್ಟಿ ಸತ್ತ. ನಿಮ್ಮ ಕಚೇರಿಯ ಓವರ್‌ಸಿಯರ್ ಎದುರಿಗೆ ಕುಳಿತು ಬರೆಸಿದ ಪಂಚನಾಮೆಯಲ್ಲಿ ಆ ಸಾವಿಗೆ ಕೊಟ್ಟ ಕಾರಣ ಇದು: 'ರೂಢಿಯಂತೆ ದೀಪ ಇಳಿಸಿ ಪರೀಕ್ಷಿಸದೆ ಮೃತನೂ ಆತನ ಮನೆಯವರೂ ತೋರಿದ ಅಜಾಗರೂಕತೆ.' ಅದರ ಕೆಳಗೆ ಐದು ಹೆಬ್ಬೆಟ್ಟು, ಒಂದು ಸಹಿ. ಆ ವಾಕ್ಯ ಸುಳ್ಳು. ಅದನ್ನು ಅಳಿಸಿ ನಿಜವನ್ನು ಬರೆಯಿರಿ ಎಂದು ಕೇಳಲು ಈ ಪತ್ರ. ಮುಚ್ಚಿದ ಲಕೋಟೆಯಲ್ಲಿ ಬಂದ ಅರ್ಜಿಗಳು ನಿಮ್ಮಲ್ಲಿ ಏನಾಗುತ್ತವೆ ಎಂಬುದು ನನಗೆ ಗೊತ್ತು, ಮೂರನ್ನು ನಾನೇ ಬರೆದಿದ್ದೇನೆ. ಆದ್ದರಿಂದ ಇದನ್ನು ನಾಲ್ಕು ಜನ ಓದುವ ಪತ್ರಿಕೆಗೆ ಕಳಿಸುತ್ತಿದ್ದೇನೆ. ಕಾಲುವೆ ಬಂದ ಈ ಹದಿಮೂರು ವರ್ಷಗಳಲ್ಲಿ ನಿಮ್ಮ ಕುರ್ಚಿಯಲ್ಲಿ ಕುಳಿತವರು ಬದಲಾಗಿರಬಹುದು. ನಾನು ಕುರ್ಚಿಗೇ ಬರೆಯುತ್ತಿದ್ದೇನೆಂದು ತಿಳಿಯಿರಿ. ಉತ್ತರಗಳೂ ಯಾವಾಗಲೂ ಅದೇ ಕೊಟ್ಟಂತಿದ್ದವು.

ಹಗೇವು ಎಂದರೆ ಏನೆಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನೆಲದೊಳಗಿನ ಕಣಜ ಅದು. ಒಬ್ಬ ಆಳು ಇಳಿಯುವಷ್ಟೇ ಬಾಯಿ, ಕೆಳಗೆ ಹೋದಂತೆ ಹಂಡೆಯ ಹೊಟ್ಟೆಯಂತೆ ಅಗಲ, ಎರಡಾಳು ಆಳ. ಗೋಡೆಗೆ ಜೋಳದ ಸೊಪ್ಪೆ, ಹೊಟ್ಟು ಒತ್ತಿ, ನಡುವೆ ಜೋಳ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಸಗಣಿ ಮೆತ್ತಿದರೆ ಮೂರು ವರ್ಷ ಹುಳ ಮುಟ್ಟುವುದಿಲ್ಲ, ಇಲಿ ಮುಟ್ಟುವುದಿಲ್ಲ. ನಮ್ಮ ಮೇಟಿದಿನ್ನಿಯಲ್ಲಿ ಇಂಥವು ಮೂವತ್ತೆರಡು ಇವೆ, ಎಲ್ಲವೂ ಊರ ನಡುವಿನ ಬಯಲಿನಲ್ಲಿ, ನಮ್ಮ ಮನೆಯ ಎದುರಿಗೆ. ನಿಜಾಮನ ಕಾಲದ ಕೊನೆಯಲ್ಲಿ, ಗಲಾಟೆಯ ವರ್ಷ, ಊರು ಬಿಟ್ಟು ಓಡಿದವರು ಮರಳಿ ಬಂದಾಗ ಮನೆಗಳಿಗೆ ಬಾಗಿಲುಗಳೇ ಇರಲಿಲ್ಲವಂತೆ. ಹಗೇವಿನ ಜೋಳ ಇತ್ತಂತೆ. ಮೇಲೆ ದನ ಕಟ್ಟುವ ಜಾಗವಾಗಿದ್ದರಿಂದ ದೋಚಿದವರಿಗೆ ತಿಳಿಯಲಿಲ್ಲ. ಊರು ಮತ್ತೆ ಉಂಡದ್ದು ಆ ಜೋಳದಿಂದ.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ ಎಂಬುದು ನಮ್ಮವರಿಗೆ ನಿಮ್ಮ ಇಲಾಖೆ ಹುಟ್ಟುವ ಮೊದಲೇ ಗೊತ್ತು. ಅದಕ್ಕೊಂದು ಕ್ರಮವಿದೆ. ಹೊಸ ಜೋಳ ಕಣಕ್ಕೆ ಬರುವ ಹೊತ್ತಿಗೆ ಹಳೆಯದನ್ನು ತೆಗೆಯುತ್ತಾರೆ. ಕಲ್ಲು ಸರಿಸಿ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತಾರೆ. ಮರುದಿನ ಮನೆಯ ಹೆಂಡತಿ ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಒಳಗೆ ಇಳಿಬಿಡುತ್ತಾಳೆ. ದೀಪ ಉರಿದರೆ ಮನೆಯ ಯಜಮಾನ ಮೊದಲು ಇಳಿಯುತ್ತಾನೆ. ದೀಪವನ್ನು ಒಂದೇ ಸಲ ಇಳಿಸುತ್ತಾರೆ. ಯಾಕೆಂದರೆ ಒಣ ಜೋಳ, ಒಮ್ಮೆ ಗಾಳಿ ಆಡಿದ ಮೇಲೆ, ಮತ್ತೆ ಕೆಟ್ಟ ಗಾಳಿ ಹುಟ್ಟಿಸುವುದಿಲ್ಲ. ಅಜ್ಜ, ಮುತ್ತಜ್ಜ, ಅವರ ಮುತ್ತಜ್ಜ, ಎಲ್ಲರಿಗೂ ಒಂದು ಕಂದೀಲು ಸಾಕಾಗಿತ್ತು. 'ಒಣ ಜೋಳ' ಎಂದು ನಾನು ಬರೆದದ್ದನ್ನು ದಯವಿಟ್ಟು ನೆನಪಿಡಿ. ಇಡೀ ಮೊಕದ್ದಮೆ ಇರುವುದು ಆ ಮಾತಿನಲ್ಲಿ.

ಇನ್ನು ನೀವು 'ಮೃತನು' ಎಂದು ಕರೆದಿರುವ ಮನುಷ್ಯನ ವಿಷಯ.

ಆದಪ್ಪನಿಗೆ ಏಳು ಎಕರೆ ಎರೆ ಹೊಲ, ಊರ ಪಡುವಲಿನ ದಿಬ್ಬದ ಮೇಲೆ. ಹಿಂಗಾರಿ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ಬಿತ್ತುವ ಕಾಲಕ್ಕೆ ಊರವರು ಆತನನ್ನು ತಮ್ಮ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆತ ಮೊಣಕೈಯುದ್ದ ಕೆದರಿ, ಒಂದು ಹೆಂಟೆ ತೆಗೆದು, ಮುಷ್ಟಿಯಲ್ಲಿ ಒತ್ತಿ, ಬಿಟ್ಟು ನೋಡಿ, ಕೂರಿಗೆ ಹೂಡಬಹುದೋ ಇನ್ನೆರಡು ದಿನ ಕಾಯಬೇಕೋ ಹೇಳುತ್ತಿದ್ದ. ಸಂತೆಕಲ್ಲೂರು, ಪಾಮನಕಲ್ಲೂರಿನಿಂದಲೂ ಕೇಳಲು ಬರುತ್ತಿದ್ದರು. ನೆಲದ ಹಸಿಯನ್ನು ಅಂಗೈಯಲ್ಲಿ ಓದುತ್ತಿದ್ದ ಮನುಷ್ಯನನ್ನು ನೀವು ನೆಲದ ವಿಷಯದಲ್ಲಿ ಅಜಾಗರೂಕ ಎಂದು ಬರೆಸಿದ್ದೀರಿ. ಅದನ್ನು ಬರೆದ ಕೈ ಎಂದಾದರೂ ಒಂದು ಹೆಂಟೆ ಮಣ್ಣು ಹಿಡಿದಿದೆಯೆ ಎಂದು ಕೇಳುವುದು ಸಭ್ಯತೆಯಲ್ಲ. ಆದರೂ ಕೇಳುತ್ತಿದ್ದೇನೆ.

ಕಾಲುವೆಯ ಮೇಲೆ ಆತನಿಗೆ ದ್ವೇಷವಿತ್ತೆಂದು ತಿಳಿಯಬೇಡಿ. ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ಐವತ್ತಾರರ ಮರುವರ್ಷ ನಮ್ಮ ಊರ ಹಿಂದೆ ಏರಿ ಕಟ್ಟುವ ಕೆಲಸ ಶುರುವಾಯಿತು. ಅಲ್ಲಿ ನೆಲ ತಗ್ಗು, ಆದ್ದರಿಂದ ಮಣ್ಣು ಪೇರಿಸಿ, ಮನೆಗಳ ಮಾಳಿಗೆಯ ಎತ್ತರಕ್ಕೆ ಏರಿ ಎಬ್ಬಿಸಿ, ಅದರ ಮೇಲೆ ನೀರು ಹರಿಸಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಎರಡು ಬೇಸಿಗೆ ಅಲ್ಲಿ ಮಣ್ಣು ಹೊತ್ತರು. ನೀರು ಬಿಟ್ಟ ದಿನ ಆದಪ್ಪ ಎತ್ತುಗಳಿಗೆ ಬಣ್ಣ ಬಳಿದು ಏರಿಯ ಮೇಲೆ ನಡೆಸಿಕೊಂಡು ಹೋದನಂತೆ. ಬಂದ ನೆಂಟರಿಗೆಲ್ಲ, "ಈ ಏರ್ಯಾಗ ನನ್ನ ಬುಟ್ಟಿ ಮಣ್ಣೂ ಐತ್ರೆಪಾ" ಎಂದು ತೋರಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಮೊದಲ ಅರ್ಜಿ ಬರೆದಾಗ ನನಗೆ ಹನ್ನೆರಡು ವರ್ಷ. ಅಂಗಡಿಯ ಅಮರಗುಂಡಪ್ಪನ ಮಗಳ ಅಕ್ಷರ ದುಂಡಗಿದೆ ಎಂದು ಆದಪ್ಪ ನನ್ನಲ್ಲಿಗೆ ಬಂದಿದ್ದ. ಕೇಳಿದ್ದು ಇಷ್ಟೇ: ತೆನೆ ಹಾಲು ತುಂಬುವ ಹೊತ್ತಿನಲ್ಲಿ ಜೋಳಕ್ಕೆ ಒಂದೇ ಒಂದು ನೀರು. ನಿಮ್ಮ ಉತ್ತರ ಆರು ತಿಂಗಳ ಮೇಲೆ ಬಂತು. ಸದರಿ ಜಮೀನು ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ, ನೀರು ಮೇಲಕ್ಕೆ ಹರಿಯುವುದು ಅಸಾಧ್ಯವಾದ್ದರಿಂದ, ಮೇಟಿದಿನ್ನಿಯನ್ನು ನೀರಾವರಿಗೆ ಒಳಪಡದ ಗ್ರಾಮವೆಂದು ನಮೂದಿಸಲಾಗಿದೆ. ಆದಪ್ಪ ಓದಿಸಿಕೊಂಡು ಕೇಳಿ, ಖರೇನೇ ಹೇಳ್ಯಾರ, ನೀರು ಹೆಂಗ ಏರ್ತೈತಿ, ಎಂದು ಒಪ್ಪಿಕೊಂಡುಬಿಟ್ಟ. ನಿಮ್ಮ ಮಾತನ್ನು ಅಷ್ಟು ಸುಲಭವಾಗಿ ನಂಬಿದವರು ನಿಮಗೆ ಇನ್ನೊಬ್ಬರು ಸಿಕ್ಕಿರಲಾರರು. ಏರಿಯ ಮೇಲಿನ ನೀರು ಇಳಿಯುತ್ತದೆ, ಇಳಿದರೆ ಅದರ ಬುಡದಲ್ಲಿರುವ ಊರಿಗೇ ಇಳಿಯುತ್ತದೆ ಎಂಬುದನ್ನು ನೀವು ಆ ಕಾಗದದಲ್ಲಿ ಬರೆಯಲಿಲ್ಲ. ಆತ ಕೇಳಿರಲಿಲ್ಲವಲ್ಲ.

ಅರವತ್ತಾರರ ಹೊತ್ತಿಗೆ ಊರಲ್ಲಿ ಸಣ್ಣ ಸಣ್ಣ ಸಂಗತಿಗಳು ಕಾಣತೊಡಗಿದವು. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಏಳುತ್ತಿತ್ತು. ನಮ್ಮ ಅಂಗಡಿಯಲ್ಲಿ ನೆಲಕ್ಕಿಟ್ಟ ಬೆಲ್ಲದ ಮೂಟೆ ಬೇಸಿಗೆಯಲ್ಲೂ ಕರಗುತ್ತಿತ್ತು. ಗುಡಿಯ ಮುಂದಿನ ಬೇವು ತುದಿಯಿಂದ ಒಣಗಿತು. ಎರಡನೆಯ ಅರ್ಜಿ ಬರೆದೆವು, ಏರಿಯಿಂದ ಜಿನುಗುವ ನೀರು ಹರಿದುಹೋಗಲು ಅದರ ಬುಡದಲ್ಲಿ ಒಂದು ಬಸಿಗಾಲುವೆ ತೋಡಿಸಿಕೊಡಿ ಎಂದು. ನಿಮ್ಮ ಉತ್ತರ ನನ್ನ ಹತ್ತಿರ ಇನ್ನೂ ಇದೆ: 'ಮೇಟಿದಿನ್ನಿಯು ನೀರಾವರಿಗೆ ಒಳಪಡದ ಗ್ರಾಮವಾದ್ದರಿಂದ ಸದರಿ ಗ್ರಾಮದಲ್ಲಿ ನೀರಾವರಿಯಿಂದ ಉಂಟಾಗುವ ತೊಂದರೆಗಳ ಪ್ರಶ್ನೆ ಉದ್ಭವಿಸುವುದಿಲ್ಲ.' ಸಾಹೇಬರೇ, ನಾನು ನಾಲ್ಕು ವರ್ಷ ಸಾಹಿತ್ಯ ಓದಿದೆ. ತರ್ಕಶಾಸ್ತ್ರದ ಒಂದು ಪತ್ರಿಕೆಯೂ ಇತ್ತು. ಇದಕ್ಕೆ ಸಮನಾದ ವಾಕ್ಯವನ್ನು ಎಲ್ಲಿಯೂ ಕಾಣಲಿಲ್ಲ. ನಮಗೆ ನೀರು ಕೊಟ್ಟಿಲ್ಲ, ಆದ್ದರಿಂದ ನಾವು ಒದ್ದೆಯಾಗಲಾರೆವು.

ಮೂರನೆಯ ಅರ್ಜಿಯ ಬಗ್ಗೆ ಬರೆಯುವುದು ನನಗೆ ಕಷ್ಟ. ಅದರಲ್ಲಿ ತಪ್ಪು ನನ್ನದೂ ಇದೆ.

ಹೋದ ವರ್ಷ ಬೇಸಿಗೆಯಲ್ಲಿ ಕಡೆಯ ಪರೀಕ್ಷೆ ಮುಗಿಸಿ ರಾಯಚೂರಿನ ಕಾಲೇಜಿನಿಂದ ಬಂದಿದ್ದೆ. ಮಸ್ಕಿಯಲ್ಲಿ ಬಸ್ಸಿಳಿದರೆ ಊರಿಗೆ ಕರೆತರುತ್ತಿದ್ದುದು ಯಾವಾಗಲೂ ಆದಪ್ಪನ ಬಂಡಿಯೇ. ನಾನು ಹೆಚ್ಚು ಮಾತಾಡುವವಳಲ್ಲ, ಹತ್ತು ಜನರೆದುರು ನನ್ನ ಬಾಯಿ ಕಟ್ಟುತ್ತದೆ. ಆದಪ್ಪ ಅದನ್ನು ಎಂದೂ ಆಡಿಕೊಂಡವನಲ್ಲ. ದಾರಿಯುದ್ದಕ್ಕೂ ಎತ್ತುಗಳ ಜೊತೆ ಮಾತಾಡುವವನಂತೆ, "ಈಕಿ ಮಾತಾಡಂಗಿಲ್ಲ ಅಂತಾರ ಮಂದಿ. ಮಾತಾಡಾಕ ಏನರ ಇರಬೇಕಲ್ಲೇ. ಇದ್ದಾಗ ಮಾತಾಡ್ತಾಳ, ನೀ ನಡಿ" ಎನ್ನುತ್ತಿದ್ದ. ಆ ಸಲ ಬಂಡಿಯಲ್ಲಿಯೇ ಆತ ಹಗೇವಿನ ವಿಷಯ ತೆಗೆದ. ಹಿಂದಿನ ತಿಂಗಳು ಮೇಲಿನಿಂದ ನಾಲ್ಕು ಚೀಲ ತೆಗೆಯುವಾಗ ಗೋಡೆಯ ಸೊಪ್ಪೆ ಮುಟ್ಟಿದರೆ ತಣ್ಣಗಿತ್ತು, ಒಳಗಿನಿಂದ ಹುಳಿ ವಾಸನೆ ಬರುತ್ತಿತ್ತು. "ಅಂಬಲಿ ಮೂರ ದಿನ ಇಟ್ರ ನಾರ್ತೈತಲ್ಲ, ಹಂಗ ನಾರಾಕತ್ತೈತಿ. ಇದನ್ನ ಬರಿಬೇ."

ನಾನು ಬರೆದೆ. ಆಗಷ್ಟೇ ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದಿತ್ತು. ಅಂಬಲಿ, ನಾತ, ಹುಳಿ ಇವೆಲ್ಲ ಸರ್ಕಾರಕ್ಕೆ ಬರೆಯುವ ಕಾಗದದಲ್ಲಿ ಇರಬಾರದೆಂದು ಅನ್ನಿಸಿತು. 'ಭೂಗರ್ಭದಲ್ಲಿ ವಿಶ್ರಮಿಸುತ್ತಿರುವ ಧಾನ್ಯಲಕ್ಷ್ಮಿಯು ನಿಟ್ಟುಸಿರಿಡುತ್ತಿದ್ದಾಳೆ' ಎಂದು ಬರೆದೆ. ಓದಿ ಹೇಳಿದಾಗ ಆದಪ್ಪ, ಇದರಾಗ ವಾಸನಿ ಎಲ್ಲಿ ಬಂತು ಎಂದು ಕೇಳಿದ. ನಿಟ್ಟುಸಿರು ಎಂದರೆ ಅದೇ ಎಂದೆ. ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ ಗಿರಿಯಮ್ಮ ನಕ್ಕಳು. ಆತ ಹೆಮ್ಮೆಯಿಂದ ಹೆಬ್ಬೆಟ್ಟು ಒತ್ತಿ, ನಿಮ್ಮ ಕಚೇರಿಯ ಬೇವಿನ ಮರದ ಕೆಳಗೆ ಒಂದಿಡೀ ದಿನ ಕೂತು, ಕೊಟ್ಟು ಬಂದ. ನಿಮ್ಮ ಗುಮಾಸ್ತರು ಓದಿ, ಭಾಷೆ ಬಹಳ ಚೆನ್ನಾಗಿದೆ, ಯಾರು ಬರೆದದ್ದು ಎಂದು ಕೇಳಿದರಂತೆ. ಅದೊಂದೇ ಉತ್ತರ ಬಂದದ್ದು. ಆ ಸಂಜೆ ಆದಪ್ಪ ಅದನ್ನು ನನಗೆ ಸಂತೋಷದ ಸುದ್ದಿಯೆಂದೇ ಹೇಳಿದ. ನನಗೂ ಸಂತೋಷವಾಗಿತ್ತು.

ಆದಪ್ಪ ಸತ್ತ ಮೇಲೆ ಮಸ್ಕಿಯಲ್ಲಿ ವಿಜ್ಞಾನದ ಮೇಷ್ಟ್ರಾದ ಕರಿಬಸಯ್ಯನವರನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಧಾನ್ಯ ನೆನೆದು ಹುಳಿತರೆ ಭಾರವಾದ ಕೆಟ್ಟ ಗಾಳಿ ಹುಟ್ಟುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ತೆಗೆದಷ್ಟೂ ಮತ್ತೆ ಹುಟ್ಟುತ್ತಲೇ ಇರುತ್ತದೆ, ಹುಳಿ ವಾಸನೆಯೇ ಅದರ ಗುರುತು ಎಂದರು. ನಿಮ್ಮ ಕಚೇರಿಯಲ್ಲಿ ವಿಜ್ಞಾನ ಓದಿದವರು ಕಡಿಮೆ ಎಂದರೂ ಹತ್ತು ಜನರಿದ್ದಾರೆ. 'ಹುಳಿ ವಾಸನೆ' ಎಂದು ನಾನು ಬರೆದಿದ್ದರೆ ಹತ್ತರಲ್ಲಿ ಒಬ್ಬರಿಗೆ ಹೊಳೆಯುತ್ತಿತ್ತೋ ಏನೋ. ಹೊಳೆಯುತ್ತಿರಲಿಲ್ಲ ಎಂದು ನಂಬಿದರೆ ನನಗೆ ನಿದ್ದೆ ಬರುತ್ತದೆ. ಆದರೆ ನಿಮ್ಮ ಬಗ್ಗೆ ಅಷ್ಟು ಕೆಟ್ಟದ್ದನ್ನು ನಂಬುವುದೂ ನನ್ನಿಂದ ಆಗುತ್ತಿಲ್ಲ.

ಈಗ ಆ ಎರಡು ದಿನಗಳ ಮಾತು. ನಾನು ನಮ್ಮ ಮನೆಯ ಕಟ್ಟೆಯ ಮೇಲಿದ್ದೆ. ನಡುವೆ ಓಣಿ, ಆಚೆ ಹಗೇವಿನ ಬಯಲು. ಎಲ್ಲವನ್ನೂ ನೋಡಿದೆ.

ಮೊದಲ ದಿನ ಎಲ್ಲವೂ ಕ್ರಮದಂತೆ ನಡೆಯಿತು. ಹಿಂದಿನ ಬೆಳಿಗ್ಗೆಯೇ ಕಲ್ಲು ಸರಿಸಿದ್ದರು. ಗಿರಿಯಮ್ಮ ಕಂದೀಲಿನ ಗಾಜನ್ನು ಬೂದಿ ಹಚ್ಚಿ ಒರೆಸಿ, ಹಚ್ಚಿ, ಇಳಿಬಿಟ್ಟಳು. ಹಗೇವು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಕಂದೀಲು ಜೋಳದ ಮೇಲೆ ಕೂತು ಚೆನ್ನಾಗಿ ಉರಿಯಿತು. ಆದಪ್ಪ ಇಳಿದು ತುಂಬಿಕೊಟ್ಟ, ಪಕ್ಕದ ಮನೆಯ ಖಾದರಬಾಷಾ ಹಗ್ಗದಲ್ಲಿ ಎಳೆದು ಹಾಕಿದ. ಸಂಜೆಗೆ ಹನ್ನೊಂದು ಚೀಲ ಜೋಳ ಮೇಲೆ ಬಂತು, ಒಳಗೆ ಜೋಳದ ಮಟ್ಟ ಒಂದಾಳು ಕೆಳಕ್ಕೆ ಹೋಯಿತು. ಕಡೆಯ ಚೀಲದ ಜೋಳ ಕೈಗೆ ಅಂಟುತ್ತಿತ್ತು. ನಾಳೆ ಬೇಗ ತೆಗೆದು ಬಿಸಿಲಿಗೆ ಹರವದಿದ್ದರೆ ಉಳಿದದ್ದೂ ಕೆಡುತ್ತದೆ ಎಂದು ಆದಪ್ಪ ಅವಸರಪಟ್ಟ. ರಾತ್ರಿ ಕಲ್ಲು ಮುಚ್ಚಲಿಲ್ಲ. ತೆರೆದಿಟ್ಟರೆ ಸಾಕೆಂಬುದು ಎಲ್ಲರ ತಿಳಿವಳಿಕೆ. ಆ ರಾತ್ರಿ ಗಾಳಿ ಬೀಸಲೇ ಇಲ್ಲ.

ಎರಡನೆಯ ದಿನ ಬಿಸಿಲು ಏರುವ ಮೊದಲೇ ಆತ ಹಗೇವಿನ ಬಾಯಿಗೆ ಕಾಲು ಇಳಿಬಿಟ್ಟು ಕೂತಿದ್ದ. ಗಿರಿಯಮ್ಮ ರೊಟ್ಟಿ ಗಂಟು ತಂದಿಟ್ಟು ಕೇಳಿದಳು.

"ಕಂದೀಲು ತರ್ಲೇನ್ರೀ?"

"ನಿನ್ನೆ ಇಳಿಸಿ ನೋಡೇವಲ್ಲ, ಉರದೈತಿ. ದಿನಾ ಆರತಿ ಎತ್ತಾಕ ಹಗೇವೇನ್ ನಮ್ಮನಿ ಅಳಿಯನೇನ್?"

ಖಾದರಬಾಷಾ ಅಷ್ಟು ದೂರದಲ್ಲಿ ಹಗ್ಗ ಬಿಡಿಸುತ್ತಿದ್ದ, ಆತನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಗಿರಿಯಮ್ಮನೂ ನಗುತ್ತ ತಿರುಗಿ ನಡೆದಳು. ಆತ ಇಳಿದ. ಒಂದು ಚೀಲ ತುಂಬುವಷ್ಟು ಹೊತ್ತೂ ಆಗಿರಲಿಲ್ಲ. ಖಾದರಬಾಷಾ ಮೇಲಿನಿಂದ, "ಆದಣ್ಣಾ, ಎಳೀಲೇನ್?" ಎಂದು ಎರಡು ಸಲ ಕೇಳಿದ. ಮೂರನೆಯ ಸಲ ಜೋರಾಗಿ ಕೂಗಿದ. ಆಮೇಲೆ ಅಂಗಿ ಕಳಚಿ ಬಾಯಿಗೆ ಕಾಲಿಟ್ಟ. ಓಡಿ ಬಂದ ಗಿರಿಯಮ್ಮ ಆತನ ತೋಳನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದಳು. "ನೀ ಇಳೀಬ್ಯಾಡೋ ಖಾದರಾ. ನಿನ್ನ ಮಕ್ಕಳು ಸಣ್ಣವದಾವ." ಒಳಗೆ ಗಂಡ ಬಿದ್ದಿದ್ದ ಹೊತ್ತಿನಲ್ಲಿ ಆ ಹೆಂಗಸು ಹೇಳಿದ ಮಾತು ಅದು. ಅಜಾಗರೂಕ ಮನೆಯವರು ಎಂದರೆ ಆಕೆಯೇ, ನಿಮ್ಮ ಕಾಗದದ ಪ್ರಕಾರ.

ಆಗ ಕಂದೀಲು ತಂದರು. ಇಳಿಬಿಟ್ಟರೆ ಎದೆಮಟ್ಟದಲ್ಲೇ ಆರಿತು. ಮತ್ತೆ ಹಚ್ಚಿದರು, ಮತ್ತೆ ಅಲ್ಲಿಯೇ ಆರಿತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ತಂದು, ಅದರ ಕೊಕ್ಕೆಯನ್ನು ಧೋತರದ ಕಚ್ಚೆಗೆ ಸಿಕ್ಕಿಸಿ, ಆದಪ್ಪನನ್ನು ಮೇಲೆ ಎಳೆದರು. ಮೈಯೆಲ್ಲ ನೆನೆದ ಜೋಳ ಮೆತ್ತಿಕೊಂಡಿತ್ತು. ಓಣಿಗೆಲ್ಲ ಆ ಹುಳಿ ವಾಸನೆ ಹಬ್ಬಿತು. ಆತ ಹೇಳಿದ್ದು ಸರಿಯಾಗಿಯೇ ಇತ್ತು. ಮೂರು ದಿನದ ಅಂಬಲಿಯ ವಾಸನೆ.

ಸಂಜೆ ನಿಮ್ಮ ಓವರ್‌ಸಿಯರ್ ತಾಲೂಕಿನವರ ಜೀಪಿನಲ್ಲೇ ಬಂದರು. ಚುನಾವಣೆಯ ಗಡಿಬಿಡಿಯಲ್ಲೂ ಇಷ್ಟು ಬೇಗ ಬಂದಿರಲ್ಲ ಎಂದು ಊರವರು ಕೈ ಮುಗಿದರು. ಬಸಿಗಾಲುವೆ ಕೇಳಿದ ಐದು ವರ್ಷಗಳಲ್ಲಿ ಒಮ್ಮೆಯೂ ಬರದವರು ಆ ದಿನ ಯಾಕೆ ಅಷ್ಟು ಬೇಗ ಬಂದರೆಂದು ಯಾರೂ ಕೇಳಲಿಲ್ಲ. ಹಗೇವಿನ ತಳದಲ್ಲಿ ಗೇಣುದ್ದ ನೀರು ನಿಂತಿತ್ತು. ಅವರು ಮೂಗಿಗೆ ಕರವಸ್ತ್ರ ಹಿಡಿದು ದೂರದಿಂದಲೇ ಇಣುಕಿ, 'ತೇವಾಂಶ ಕಂಡುಬಂದಿದ್ದು ಮಳೆಯ ನೀರಿನಿಂದ ಆಗಿರಬಹುದು' ಎಂದು ಬರೆಸಿದರು. ಮೇಲೆ ಚಪ್ಪಡಿ, ಅದರ ಮೇಲೆ ಗೇಣು ದಪ್ಪ ಮಣ್ಣು, ಮೇಲಿನ ಹತ್ತು ಚೀಲ ಒಣಗಿದೆ, ತಳ ಮಾತ್ರ ಒದ್ದೆ. ನಿಮ್ಮ ಇಲಾಖೆಯ ಮಳೆ ಕೆಳಗಿನಿಂದ ಮೇಲಕ್ಕೆ ಸುರಿಯುತ್ತದೆಯೆ? ನೀರು ಮೇಲಕ್ಕೆ ಹರಿಯುವುದು ಅಸಾಧ್ಯ ಎಂದು ನಮಗೆ ಕಲಿಸಿದವರು ನೀವೇ ಅಲ್ಲವೆ?

ಆಮೇಲೆ ಚಾವಡಿಯಲ್ಲಿ ಗಿರಿಯಮ್ಮನನ್ನು ಕೂರಿಸಿ ಕೇಳಿದರು, ಎರಡನೆಯ ದಿನ ದೀಪ ಇಳಿಸಿದ್ದಿರೋ ಇಲ್ಲವೋ, ಹೌದು ಅಥವಾ ಇಲ್ಲ ಎಂದು ಹೇಳಬೇಕು.

"ಇಲ್ರೀ. ನಾನs ಮರತೆ."

ನಾನು ಬಾಗಿಲ ಬಳಿ ನಿಂತು ಕೇಳಿದೆ. ಆಕೆ ಮರೆತಿರಲಿಲ್ಲ. ಕೇಳಿದ್ದಳು. ನಿಮ್ಮ ಪ್ರಶ್ನೆಗೆ ಎರಡೇ ಉತ್ತರವಿತ್ತು: ತಪ್ಪು ಸತ್ತವನದು, ಇಲ್ಲವೆ ಬದುಕಿದವಳದು. ಆಕೆ ತನ್ನ ಕಡೆಗೆ ಎಳೆದುಕೊಂಡಳು. ಆದರೆ ನಿಮ್ಮ ಓವರ್‌ಸಿಯರ್ ಉದಾರಿಗಳು. 'ಮೃತನೂ ಆತನ ಮನೆಯವರೂ' ಎಂದು ಇಬ್ಬರಿಗೂ ಹಂಚಿ ಬರೆಸಿದರು. ಒಂದು ಹನಿ ಕಾಲುವೆಗೂ ಹಂಚಬಹುದಿತ್ತು.

ಆಗ ಅವರಿಗೆ ಓದಿ ತಿಳಿಸಿದವರ ಸಹಿ ಬೇಕಾಯಿತು. 'ಸದರಿ ಹೇಳಿಕೆಯನ್ನು ಓದಿ ಹೇಳಲಾಗಿ, ಸರಿ ಇದೆ ಎಂದು ಒಪ್ಪಿದ್ದಾರೆ.' ಯಾರೋ ನನ್ನ ಕಡೆ ಬೆರಳು ಮಾಡಿದರು. ಓವರ್‌ಸಿಯರ್ ಪೆನ್ನು ಚಾಚಿ, ಓದಿದ ಹೆಣ್ಣುಮಗಳು ಇದ್ದದ್ದು ಒಳ್ಳೆಯದಾಯಿತು, ಹೊತ್ತಾಯಿತು, ಬೇಗ ಹಾಕಿ ಎಂದರು. ಚಾವಡಿ ತುಂಬ ಗಂಡಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿ ಕಟ್ಟಿತು. ಓದಲಿಲ್ಲ, ಓದಿ ಹೇಳಲಿಲ್ಲ. ಸಹಿ ಹಾಕಿದೆ. ಐದು ಹೆಬ್ಬೆಟ್ಟುಗಳ ಕೆಳಗಿರುವ ಆ ಒಂದು ಸಹಿ ನನ್ನದು, ಸಾಹೇಬರೇ. ನನ್ನ ಜೀವನದಲ್ಲಿ ಸರ್ಕಾರಿ ಕಾಗದದ ಮೇಲೆ ಹಾಕಿದ ಮೊದಲ ಸಹಿ.

ಅಂದಿನಿಂದ ಗಿರಿಯಮ್ಮ ಮನೆಯಲ್ಲಿ ದೀಪ ಹಚ್ಚುತ್ತಿಲ್ಲ. ಹಗಲಿರುವಾಗಲೇ ಉಂಡು, ಕತ್ತಲಾದರೆ ಹಾಗೇ ಕೂರುತ್ತಾಳೆ. ಖಾದರಬಾಷಾನ ಹೆಂಡತಿ ಮೆಹಬೂಬ್‌ಬೀ ಚಿಮಣಿ ಹಚ್ಚಿ ತಂದಿಟ್ಟರೆ, ಒಯ್ಯವ್ವಾ ಎಂದು ಹಿಂದಕ್ಕೆ ಕೊಡುತ್ತಾಳೆ. ನೀರಿಗೆ ಹೋದಾಗ ಹೆಂಗಸರು, ಒಂದು ಕಂದೀಲಿನ ಮಾತಿಗೆ ಗಂಡನನ್ನು ಕಳಕೊಂಡಳು ಎನ್ನುವುದನ್ನು ನಾನೇ ಕೇಳಿದ್ದೇನೆ. ಅವರದು ದುಷ್ಟತನವಲ್ಲ. ಸರ್ಕಾರವೇ ಬರೆದುಕೊಂಡು ಹೋಗಿದೆಯಲ್ಲ.

ಈ ಬೆಳಿಗ್ಗೆ ಬಸವನಹುಳು ನೋಡುತ್ತ ನಿಂತಾಗ, ಇಪ್ಪತ್ತೆರಡು ದಿನ ನುಂಗಿದ ಮಾತನ್ನು ನಾನು ಹೇಳಿದೆ. ಅವತ್ತು ನೀ ಕಂದೀಲು ತರ್ಲೇನು ಅಂತ ಕೇಳಿದ್ದು ನನಗ ಕೇಳಿಸೈತಿ ದೊಡ್ಡವ್ವಾ, ಎಂದೆ. ಆಕೆ ಹುಳುವಿನಿಂದ ಕಣ್ಣು ತೆಗೆಯದೆ ಹೇಳಿದಳು.

"ಆತ ನಗಾಕತ್ತಿದ್ದ. ಆ ಮಾತು ಹೇಳಿದ್ರ ಆತನ್ನ ಹುಂಬ ಅಂತಿದ್ರು. ನಾ ಮರತೆ ಅಂದ್ರ ಏನಾತು, ಮುದುಕಿ ಮರತಾಳ ಅಂತಾರ." ನನ್ನ ಕಡೆ ತಿರುಗಿ, "ಖರೇ ಹೇಳು. ನಾ ಒತ್ತಿ ಹೇಳಿದ್ರ ಉಳೀತಿದ್ನೇನು?"

ಕರಿಬಸಯ್ಯನವರು ಹೇಳಿದ್ದನ್ನೆಲ್ಲ ಹೇಳಿದೆ. ಒಣ ಜೋಳದ ಕ್ರಮ ಒದ್ದೆ ಜೋಳಕ್ಕೆ ನಡೆಯದು, ನೆಲವನ್ನು ಒದ್ದೆ ಮಾಡಿದವರು ಯಾರೂ ಬಂದು ಅದನ್ನು ಹೇಳಲಿಲ್ಲ, ತಪ್ಪು ನಿಮ್ಮಿಬ್ಬರಲ್ಲಿ ಯಾರದೂ ಅಲ್ಲ ಎಂದೆ. ಇದನ್ನು ಪೇಪರಿಗೆ ಬರೆಯಲೇ ಎಂದು ಕೇಳಿದೆ.

"ಬರಿ," ಎಂದಳು. "ಈ ಸಲ ಚೆಂದ ಮಾಡಬ್ಯಾಡ."

ಆದ್ದರಿಂದ ಚೆಂದ ಮಾಡದೆ ಕೇಳುತ್ತಿದ್ದೇನೆ. ಪಂಚನಾಮೆಯಿಂದ 'ಅಜಾಗರೂಕತೆ' ಎಂಬ ಮಾತನ್ನು ತೆಗೆಯಿರಿ. ಆ ಜಾಗದಲ್ಲಿ, ಏರಿಯಿಂದ ಜಿನುಗಿದ ಕಾಲುವೆಯ ನೀರು ಹಗೇವಿಗೆ ಇಳಿದು, ಜೋಳ ಹುಳಿತು, ಅದರ ಗಾಳಿಯಿಂದ ಆದಪ್ಪ ಸತ್ತ ಎಂದು ಬರೆಯಿರಿ. ಬರೆದದ್ದನ್ನು ಅದೇ ಚಾವಡಿಯಲ್ಲಿ, ಅದೇ ಜನರೆದುರು, ಗಿರಿಯಮ್ಮನಿಗೆ ಓದಿ ಹೇಳಿರಿ. ನಾನು ಹಾಕಿದ ಸಹಿಯನ್ನು ಈ ಪತ್ರದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಇನ್ನೂ ಮೂವತ್ತೊಂದು ಹಗೇವುಗಳಿವೆ. ಕಣದಲ್ಲಿ ಹೊಸ ಜೋಳದ ರಾಶಿ ಆಗುತ್ತಿದೆ, ಯುಗಾದಿಯೊಳಗೆ ಎಲ್ಲವನ್ನೂ ತೆಗೆಯುತ್ತಾರೆ. ಅಷ್ಟರೊಳಗೆ ಯಾರನ್ನಾದರೂ ಕಳಿಸಿ. ಮೂಗಿಗೆ ಕರವಸ್ತ್ರ ಹಿಡಿದಾದರೂ ಬರಲಿ.

ನೀವು ಕಳಿಸುತ್ತೀರೆಂದು ಕಾಯುವುದಿಲ್ಲ. ನಾಳೆ ಬಾಲಪ್ಪನ ಹಗೇವು ತೆಗೆಯುತ್ತಾರೆ, ಅದು ಏರಿಗೆ ಇನ್ನೂ ಹತ್ತಿರ. ಲಿಂಗಸುಗೂರಿನ ಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ, ಬರುವ ವಾರ ಸೇರಬೇಕಿತ್ತು. ಮೂವತ್ತೊಂದು ಮುಗಿಯುವವರೆಗೆ ಬರಲಾರೆ ಎಂದು ಅವರಿಗೆ ಕಾಗದ ಹಾಕಿದ್ದೇನೆ. ಗಂಡ ಸತ್ತವಳ ಕೈಯ ದೀಪ ಹಗೇವಿಗೆ ಇಳಿಸಬಾರದು ಎನ್ನುವವರು ಊರಲ್ಲಿದ್ದಾರೆ. ಆದ್ದರಿಂದ ಮಧ್ಯಾಹ್ನ ಗಿರಿಯಮ್ಮ ತನ್ನ ಕಂದೀಲನ್ನು ಬೂದಿ ಹಚ್ಚಿ ಒರೆಸಿ ನನ್ನ ಕೈಗೆ ಕೊಟ್ಟಳು, ಹಗ್ಗದ ಗಂಟು ಹಾಕುವುದನ್ನು ಮೂರು ಸಲ ಬಿಚ್ಚಿ ಕಟ್ಟಿ ಕಲಿಸಿದಳು. ಮೊದಲ ದಿನ ಇಳಿಸಬೇಕು, ಎರಡನೆಯ ದಿನ ಇಳಿಸಬೇಕು, ಉಂಡು ಬಂದು ಮತ್ತೆ ಇಳಿಯುವ ಮೊದಲೂ ಇಳಿಸಬೇಕು, ಆಳು ಒಳಗಿರುವವರೆಗೂ ಅಲ್ಲಿಯೇ ಉರಿಯಲು ಬಿಡಬೇಕು. ಗಂಡಸರು ನಗುತ್ತಾರೆ, ನಗಲಿ.

ದೀಪ ಆರಿದರೆ ಕೆಳಗಿನವನಿಗೆ ಕೇಳುವಂತೆ ಕೂಗಬೇಕು. ನನ್ನ ದನಿ ಈವರೆಗೆ ನಮ್ಮ ಓಣಿ ದಾಟಿಲ್ಲ. ಆದರೂ ಕೂಗುವ ಕೆಲಸ ನನ್ನದು ಎಂದು ಗಿರಿಯಮ್ಮನಿಗೆ ಹೇಳಿದ್ದೇನೆ.

ಇಂತಿ,
ಓದದೆ ಸಹಿ ಹಾಕಿದ ಪದವೀಧರೆ,
ಸಂಗಮ್ಮ
ಮೇಟಿದಿನ್ನಿ, ಮಾರ್ಚ್ ೧೯೭೧